ಎಲ್ಲರ ರಕ್ತವನ್ನೂ ಪರೀಕ್ಷಿಸುವದು ಯಾಕೆ?

ಹೋದ ಮಳೆಗಾಲದ ಕೊನೆಯಲ್ಲಿ ನಮ್ಮ ಸಭೆಗೆ ಸೇರಿದ ಒಬ್ಬ ಹಿರಿಯ ಸಹೋದರನು ಹರ್ನಿಯದ ಶಸ್ತ್ರಚಿಕಿತ್ಸೆಗಾಗಿ ಮಂಗಳೂರಿಗೆ ಹೋಗಿ ಹತ್ತು ದಿವಸಗಳ ಮೇಲೆ ಸ್ವಸ್ಥನಾಗಿ ಹಿಂದಿರುಗಿದನು. ಶರೀರವು ಗುಣಹೊಂದಿತ್ತು, ಮನಸ್ಸು ಮಾತ್ರ ಕದಡಿತ್ತು. ಆಸ್ಪತ್ರೆಯವರು ಕೊಟ್ಟ ಲೆಕ್ಕದ ಚೀಟಿಯನ್ನು ಆತನ ಮಗನು ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದಾಗ, ಸಕ್ಕರೆಯ ಪರೀಕ್ಷೆ, ಮೂತ್ರದ ಪರೀಕ್ಷೆ ಎಂಬವುಗಳ ಕೆಳಗೆ ಎಚ್.ಐ.ವಿ. ಪರೀಕ್ಷೆ ಎಂದೂ ಒಂದು ಸಾಲು ಕಂಡಿತಂತೆ. ಸೊಸೆಯು ಒಳಗೆ ಎದ್ದು ಹೋದಳು. ನೆರೆಮನೆಯಿಂದ ನೋಡಲಿಕ್ಕೆ ಬಂದಿದ್ದ ಹೆಂಗಸು ಕಾಫಿಯ ಲೋಟವನ್ನು ಹಾಗೆಯೇ ಇಟ್ಟು ಹೊರಟಳು. ಆ ಸಾಯಂಕಾಲವೇ ಆತನು ನಮ್ಮ ಮನೆಯ ಜಗಲಿಗೆ ಬಂದು ಕೂತು, “ಉಪದೇಶಿಯವರೇ, ನಲವತ್ತು ವರ್ಷ ಒಬ್ಬಳೇ ಹೆಂಡತಿಯ ಸಂಗಡ ಬಾಳಿದವನು ನಾನು. ನನ್ನನ್ನು ಅವರು ಏನೆಂದು ಎಣಿಸಿದರು? ಒಂದು ಮಾತು ನನ್ನ ಹತ್ತಿರ ಕೇಳಬಾರದಿತ್ತೇ?” ಅಂದನು.

ಆತನ ಮಾತಿನಲ್ಲಿ ಎರಡು ದೂರುಗಳಿದ್ದವು. ನನ್ನಂಥವನನ್ನು ಪರೀಕ್ಷಿಸಿದ್ದು ಯಾಕೆ ಎಂಬದು ಒಂದು. ನನ್ನನ್ನು ಕೇಳದೆ ಪರೀಕ್ಷಿಸಿದ್ದು ಯಾಕೆ ಎಂಬದು ಮತ್ತೊಂದು. ನಾವು ಆ ದಿನ ಎರಡನ್ನೂ ಒಟ್ಟಿಗೆ ಸಮಾಧಾನಪಡಿಸಲು ಹೋಗಿ ಯಾವದನ್ನೂ ಸಮಾಧಾನಪಡಿಸಲಾರದೆ ಹೋದೆವು. ಅನಂತರ ಯೋಚಿಸಿ, ತಿಳಿದವರನ್ನು ವಿಚಾರಿಸಿ ನೋಡಲಾಗಿ, ಮೊದಲನೆಯ ದೂರಿನಲ್ಲಿ ಹುರುಳಿಲ್ಲವೆಂದೂ ಎರಡನೆಯದರಲ್ಲಿ ಪೂರ್ಣ ನ್ಯಾಯವಿದೆಯೆಂದೂ ನಮಗೆ ತೋಚಿತು. ಇಂಥ ಚೀಟಿಗಳು ಈಗ ನಮ್ಮ ಹಳ್ಳಿಗಳ ಅನೇಕ ಮನೆಗಳಿಗೆ ಬರುತ್ತಿರುವದರಿಂದ, ಪ್ರಿಯ ವಾಚಕರೇ, ಈ ತಿಂಗಳಿನ ಪಾಠವನ್ನು ಇದಕ್ಕಾಗಿಯೇ ಇಟ್ಟುಕೊಂಡಿದ್ದೇವೆ.

ಮೊದಲು ರೋಗದ ಸಂಗತಿ. ಎಚ್.ಐ.ವಿ. ಎಂಬದು ಕಣ್ಣಿಗೆ ಕಾಣದ ಒಂದು ವಿಷಾಣು. ನಮ್ಮ ಶರೀರದೊಳಗೆ ಬರುವ ರೋಗಗಳ ಸಂಗಡ ಹೋರಾಡುವದಕ್ಕೆ ಬಿಳಿಯ ರಕ್ತಕಣಗಳುಂಟಷ್ಟೆ. ಈ ವಿಷಾಣು ಬೇರೆಲ್ಲಿಯೂ ಹೋಗದೆ ಆ ಕಾವಲುಗಾರರಲ್ಲಿಯೇ ಹೊಕ್ಕು ಅವರನ್ನು ಒಬ್ಬೊಬ್ಬರಾಗಿ ಕೆಡಿಸುತ್ತದೆ. ಅದು ಮೆಲ್ಲನೆ ನಡೆಯುವ ಕೆಲಸ. ಸೋಂಕು ತಗಲಿದವನು ಎಂಟು ಹತ್ತು ವರ್ಷ ಗದ್ದೆ ಉತ್ತು, ಮರ ಹತ್ತಿ, ಮದುವೆಯಾಗಿ ಮಕ್ಕಳನ್ನು ಪಡೆದು, ತನ್ನಲ್ಲಿ ಏನೂ ಇಲ್ಲವೆಂದೇ ಇರಬಹುದು. ಕಾವಲು ಪೂರಾ ಮುರಿದ ಮೇಲೆ ಕ್ಷಯ, ಬೇಧಿ, ನ್ಯುಮೋನಿಯ ಮೊದಲಾದವುಗಳು ಒಂದರ ಹಿಂದೊಂದು ಬಂದು ಮುತ್ತುತ್ತವೆ. ಆ ಕಡೆಯ ಸ್ಥಿತಿಗೆ ಏಡ್ಸ್ ಎಂದು ಹೆಸರು. ಎಚ್.ಐ.ವಿ. ಇದ್ದವರಿಗೆಲ್ಲಾ ಏಡ್ಸ್ ಇದೆಯೆಂದು ಹೇಳುವದು ತಪ್ಪು.

1981ರಲ್ಲಿ ಅಮೇರಿಕದ ವೈದ್ಯರು ಈ ರೋಗವನ್ನು ಮೊದಲು ವರ್ಣಿಸಿದರು. 1983ರಲ್ಲಿ ಪ್ಯಾರಿಸ್ ಪಟ್ಟಣದ ಪಾಶ್ಚರ್ ಸಂಸ್ಥೆಯವರು ವಿಷಾಣುವನ್ನು ಕಂಡುಹಿಡಿದರು. 1985ರಲ್ಲಿ ರಕ್ತಪರೀಕ್ಷೆ ದೊರೆಯಿತು. ನಮ್ಮ ದೇಶದಲ್ಲಿ ಅದು ಇದೆಯೆಂಬದು 1986ರಲ್ಲಿ ಮದರಾಸಿನಲ್ಲಿ ತಿಳಿದುಬಂತು. ಅಲ್ಲಿನ ವೈದ್ಯಕೀಯ ಕಾಲೇಜಿನ ಡಾಕ್ಟರ್ ಸುನೀತಿ ಸಾಲೊಮನ್ ಎಂಬವರೂ ಅವರ ಶಿಷ್ಯೆಯಾದ ನಿರ್ಮಲಾ ಎಂಬವರೂ ಶೇಖರಿಸಿದ ರಕ್ತವನ್ನು ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಪರೀಕ್ಷಿಸಲಾಗಿ ಅದು ಗೊತ್ತಾಯಿತು. ಆಗ, ನಮ್ಮ ದೇಶಕ್ಕೆ ಇಂಥ ರೋಗ ಬರಲಿಕ್ಕಿಲ್ಲ, ಅದು ಪರದೇಶದವರ ನಡತೆಯ ಫಲ ಎಂದು ಅನೇಕರು ನಂಬಿದ್ದರು. 2023ರ ಅಂದಾಜಿನ ಪ್ರಕಾರ ಭಾರತದಲ್ಲಿ ಈ ಸೋಂಕಿನೊಂದಿಗೆ ಬಾಳುವವರು ಸುಮಾರು 25 ಲಕ್ಷ. ರಾಜ್ಯಗಳ ಲೆಕ್ಕದಲ್ಲಿ ಮಹಾರಾಷ್ಟ್ರ, ಆಂಧ್ರಪ್ರದೇಶಗಳ ತರುವಾಯ ನಮ್ಮ ಕರ್ನಾಟಕವೇ ನಿಲ್ಲುತ್ತದೆ.

ಹರಡುವ ದಾರಿಗಳು ಕೆಲವೇ: ಸೋಂಕುಳ್ಳವರೊಂದಿಗೆ ರಕ್ಷಣೆಯಿಲ್ಲದ ದೇಹಸಂಪರ್ಕ, ಸೋಂಕುಳ್ಳ ರಕ್ತ, ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಮತ್ತೊಬ್ಬರಿಗೆ ಚುಚ್ಚುವದು, ಮತ್ತು ತಾಯಿಯಿಂದ ಕೂಸಿಗೆ ಗರ್ಭದಲ್ಲಾಗಲಿ ಹೆರಿಗೆಯಲ್ಲಾಗಲಿ ಮೊಲೆಹಾಲಿನಲ್ಲಾಗಲಿ ಬರುವದು. ಮುಟ್ಟುವದರಿಂದ, ಒಂದೇ ಬಾವಿಯ ನೀರಿನಿಂದ, ಸೊಳ್ಳೆಯಿಂದ, ಕೆಮ್ಮಿನಿಂದ, ಒಟ್ಟಿಗೆ ಕೂತು ಗಂಜಿ ಉಣ್ಣುವದರಿಂದ ಬರುವದಿಲ್ಲ. ನಮ್ಮ ಜನರು ಬಾಯಿಬಿಟ್ಟು ಕೇಳದೆ ಮನಸ್ಸಿನಲ್ಲಿಯೇ ಇಟ್ಟುಕೊಳ್ಳುವ ಒಂದು ಪ್ರಶ್ನೆಗೆ ಇಲ್ಲಿಯೇ ಉತ್ತರ ಹೇಳುತ್ತೇವೆ. ಕರ್ತನ ಭೋಜನದಲ್ಲಿ ಒಂದೇ ಪಾತ್ರೆಗೆ ತುಟಿಯಿಡುವದರಿಂದಲೂ ಇದು ಬರುವದಿಲ್ಲ. ಉಗುಳು ಈ ವಿಷಾಣುವಿಗೆ ದಾರಿಯಲ್ಲ. ಒಂದು ಸಭೆಯಲ್ಲಿ ಇಂಥ ಸೋಂಕಿದ್ದ ಒಬ್ಬನು ವರ್ಷಗಟ್ಟಲೆ ತಾನಾಗಿಯೇ ಸಾಲಿನ ಕಡೆಯಲ್ಲಿ ನಿಲ್ಲುತ್ತಿದ್ದನೆಂದೂ, ಹಾಗೆ ನಿಲ್ಲಬೇಕಾಗಿಲ್ಲವೆಂದು ಅವನಿಗೆ ಒಬ್ಬರಾದರೂ ಹೇಳಲಿಲ್ಲವೆಂದೂ ಕೇಳಿದ್ದೇವೆ.

ಈಗ ಸಹೋದರನ ಮೊದಲನೆಯ ದೂರಿಗೆ ಬರೋಣ. ಎಲ್ಲರನ್ನೂ ಪರೀಕ್ಷಿಸುವದು ಯಾಕೆ? ಸಂಶಯವಿದ್ದವರನ್ನು ಮಾತ್ರ ಪರೀಕ್ಷಿಸಿದರೆ ಸಾಲದೇ?

ಬಹುಕಾಲದ ತನಕ ವೈದ್ಯರು ಹಾಗೆಯೇ ಮಾಡುತ್ತಿದ್ದರು. ಲಾರಿ ಓಡಿಸುವವನೋ, ಬೊಂಬಾಯಿಯ ಹೋಟೇಲಿನಲ್ಲಿ ಇದ್ದು ಬಂದವನೋ, ನಡತೆಯ ವಿಷಯದಲ್ಲಿ ಊರಲ್ಲಿ ಹೆಸರು ಕೆಟ್ಟವನೋ ಬಂದರೆ, ಇವನ ರಕ್ತವನ್ನು ನೋಡಬೇಕು ಅನ್ನುತ್ತಿದ್ದರು. ಇದರಿಂದ ಎರಡು ಕೇಡುಗಳಾದವು. ಪರೀಕ್ಷೆಗೆ ಕರೆಯುವದೇ ಒಂದು ಅಪವಾದವಾಯಿತು. ಕರೆಯಲ್ಪಟ್ಟವನು ಊರಿಗೆ ಬರುವ ಮೊದಲೇ ಸುದ್ದಿಯು ಬರುತ್ತಿತ್ತು. ಅದಕ್ಕಿಂತ ದೊಡ್ಡ ಕೇಡು ಏನಂದರೆ, ವೈದ್ಯನ ಕಣ್ಣಿಗೆ ಯಾರು ಮರ್ಯಾದಸ್ಥರಾಗಿ ಕಂಡರೋ ಅವರೊಳಗೆ ಸೋಂಕಿದ್ದವರು ತಪ್ಪಿಹೋದರು. ಮನೆಬಿಟ್ಟು ಹೊರಗೆ ಕಾಲಿಡದ ಹೆಂಡತಿಯನ್ನು ಯಾರು ಸಂಶಯಿಸುವರು? ಆಕೆಗೆ ಅದು ಬಂದದ್ದು ತಾಳಿ ಕಟ್ಟಿದವನಿಂದಲೇ. ತನ್ನ ನಡತೆ ನೆಟ್ಟಗಿದೆ ಎಂಬದು ನಮ್ಮಲ್ಲಿ ಪ್ರತಿಯೊಬ್ಬರಿಗೂ ಗೊತ್ತಿರಬಹುದು. ತನ್ನ ಜೊತೆಯವರ ಹಿಂದಿನ ವರ್ಷಗಳು ಗೊತ್ತಿರುವದಿಲ್ಲ. ಎಂದೋ ಒಂದು ದಿನ ಯಾವದೋ ಸಣ್ಣ ಶಾಪಿನಲ್ಲಿ ಚುಚ್ಚಿಸಿಕೊಂಡ ಸೂಜಿಯ ಚರಿತ್ರೆಯೂ ಗೊತ್ತಿರುವದಿಲ್ಲ. ದಾನವಾಗಿ ಬಂದ ರಕ್ತವನ್ನೆಲ್ಲಾ ಪರೀಕ್ಷಿಸಲೇಬೇಕೆಂಬ ನಿಯಮವು ನಮ್ಮ ದೇಶದಲ್ಲಿ 1989ರಲ್ಲಿ ಬಂತು. ಅದಕ್ಕಿಂತ ಮುಂಚೆ ರಕ್ತ ಹಾಕಿಸಿಕೊಂಡವರೂ ಇದ್ದಾರೆ.

ಆದದ್ದರಿಂದ ವೈದ್ಯರು ಮುಖ ನೋಡಿ ಆರಿಸುವದನ್ನು ಬಿಟ್ಟು, ಬಂದವರೆಲ್ಲರಿಗೂ ಪರೀಕ್ಷೆಯನ್ನು ಮುಂದಿಡುವ ಪದ್ಧತಿಯನ್ನು ಹಿಡಿದರು. ಆಫ್ರಿಕ ಖಂಡದ ಬೋಟ್ಸ್ವಾನ ಎಂಬ ದೇಶದಲ್ಲಿ ಈ ಸೋಂಕು ಮನೆಮನೆಯನ್ನೂ ಹಾಳುಮಾಡುತ್ತಿದ್ದಾಗ, 2004ರಿಂದ ಸರಕಾರಿ ಆಸ್ಪತ್ರೆಗಳಲ್ಲಿ ಎಲ್ಲರಿಗೂ ಪರೀಕ್ಷೆ ಮಾಡುವ ಕ್ರಮವನ್ನಿಟ್ಟರು; ಬೇಡವೆನ್ನುವವರು ಬೇಡವೆನ್ನಬಹುದು. 2006ರಲ್ಲಿ ಅಮೇರಿಕದ ಆರೋಗ್ಯ ಇಲಾಖೆಯವರು 13 ವರ್ಷದಿಂದ 64 ವರ್ಷದ ತನಕದವರೆಲ್ಲರಿಗೂ ಹೀಗೆಯೇ ಮಾಡಬೇಕೆಂದು ಸಲಹೆ ಕೊಟ್ಟರು. ಮರುವರ್ಷ ಲೋಕ ಆರೋಗ್ಯ ಸಂಸ್ಥೆಯೂ ಅದೇ ದಾರಿಯನ್ನು ತೋರಿಸಿತು. ನಮ್ಮ ದೇಶದಲ್ಲಿ ಗರ್ಭಿಣಿಯರೆಲ್ಲರಿಗೂ, ಕ್ಷಯರೋಗಿಗಳೆಲ್ಲರಿಗೂ ಈ ಪರೀಕ್ಷೆಯನ್ನು ಮುಂದಿಡುತ್ತಾರೆ. ಮಂಗಳೂರಿನ ಲೇಡಿ ಗೋಷನ್ ಆಸ್ಪತ್ರೆಗೆ ಹೋಗುವ ಬಸುರಿಯು ವಕೀಲನ ಹೆಂಡತಿಯಾಗಿರಲಿ ಬೀಡಿ ಕಟ್ಟುವವಳಾಗಿರಲಿ, ರಕ್ತಹೀನತೆಯನ್ನು ನೋಡುವ ಹಾಗೆಯೇ ಇದನ್ನೂ ನೋಡುವರು. ಎಲ್ಲರನ್ನೂ ಕೇಳುವಲ್ಲಿ ಯಾರಿಗೂ ಅಪವಾದವಿಲ್ಲ. ನಮ್ಮ ಸಹೋದರನು, ನನ್ನನ್ನು ಏನೆಂದು ಎಣಿಸಿದರು, ಎಂದು ಕೇಳಿದನಲ್ಲಾ. ಆತನನ್ನು ಬೇರೆ ಎಲ್ಲರ ಹಾಗೆಯೇ ಎಣಿಸಿದರು, ಅಷ್ಟೇ.

ಗರ್ಭಿಣಿಯರ ಸಂಗತಿಯಲ್ಲಿ ಸ್ವಲ್ಪ ನಿಲ್ಲಬೇಕು. ಯಾವ ಔಷಧವೂ ಇಲ್ಲದೆ ಬಿಟ್ಟರೆ ಸೋಂಕುಳ್ಳ ತಾಯಂದಿರ ನೂರು ಕೂಸುಗಳಲ್ಲಿ ಹದಿನೈದರಿಂದ ನಲವತ್ತೈದರ ತನಕ ಸೋಂಕು ದಾಟುತ್ತದೆ. 1994ರಲ್ಲಿ ಒಂದು ಔಷಧದಿಂದ ಇದನ್ನು ಬಹಳ ತಗ್ಗಿಸಬಹುದೆಂದು ಅಮೇರಿಕ ಮತ್ತು ಫ್ರಾನ್ಸ್ ದೇಶಗಳ ವೈದ್ಯರು ತೋರಿಸಿದರು. 2014ರಿಂದ ನಮ್ಮ ದೇಶದಲ್ಲಿ ಸೋಂಕು ಕಂಡುಬಂದ ಗರ್ಭಿಣಿಯರೆಲ್ಲರಿಗೂ ಜೀವಮಾನದ ಔಷಧವನ್ನು ಉಚಿತವಾಗಿ ಕೊಡುವದಕ್ಕೆ ಆರಂಭಿಸಿದರು. ಹೊತ್ತಿಗೆ ಸರಿಯಾಗಿ ಔಷಧ ಹಿಡಿದ ತಾಯಂದಿರಲ್ಲಿ ನೂರಕ್ಕೆ ಐದಕ್ಕಿಂತಲೂ ಕಡಿಮೆ ಕೂಸುಗಳಿಗೆ ಅದು ದಾಟುತ್ತದೆ. ಆದರೆ ಈ ಔಷಧವು ತಿಳಿದವಳಿಗೆ ಮಾತ್ರ ಸಿಕ್ಕುತ್ತದೆ. ತಿಳಿಯದಿದ್ದವಳು ಕೂಸಿಗೆ ಹಾಲನ್ನೂ ರೋಗವನ್ನೂ ಒಟ್ಟಿಗೆ ಕೊಡುತ್ತಾಳೆ.

ನಮ್ಮ ಸುತ್ತಿನ ಒಂದು ಹಳ್ಳಿಯಲ್ಲಿ ಒಬ್ಬ ಸಹೋದರಿಯು ಮೊದಲನೆಯ ಕೂಸನ್ನು ಮೂರು ವರ್ಷ ತುಂಬುವ ಮೊದಲೇ ಮಣ್ಣಿಗೆ ಕೊಟ್ಟಿದ್ದಳು. ಕೆಮ್ಮು, ಬೇಧಿ, ಸೊರಗು. ಕಾರಣವು ಯಾರಿಗೂ ಹೊಳೆಯಲಿಲ್ಲ, ದೃಷ್ಟಿ ತಾಕಿತು ಎಂದವರೂ ಇದ್ದರು. ಎರಡನೆಯ ಬಸುರಿನಲ್ಲಿ ಆಶಾ ಕಾರ್ಯಕರ್ತೆಯು ಕರೆದುಕೊಂಡು ಹೋಗಿ ಸರಕಾರಿ ಆರೋಗ್ಯಕೇಂದ್ರದಲ್ಲಿ ತಾಯಿ ಕಾರ್ಡು ಮಾಡಿಸಿದಾಗ ಎಲ್ಲರ ಹಾಗೆ ಆಕೆಯ ರಕ್ತವನ್ನೂ ನೋಡಿದರು. ಅಲ್ಲಿನವರು ತಮ್ಮ ಕೆಲಸವನ್ನು ಸರಿಯಾಗಿ ಮಾಡಿದರು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಆಪ್ತ ಸಲಹೆಗಾರಳು ಆಕೆಯೊಬ್ಬಳಿಗೇ ಸಂಗತಿಯನ್ನು ಹೇಳಿ, ಅಳುವಷ್ಟು ಹೊತ್ತು ಅಳಲಿಕ್ಕೆ ಬಿಟ್ಟು, ಮಂಗಳೂರಿಗೆ ಹೋಗುವ ದಾರಿಯನ್ನೂ ದಿನವನ್ನೂ ಬರೆದುಕೊಟ್ಟಳು. ಆಕೆ ಬಂದು ನಮ್ಮೊಬ್ಬರಿಗೇ ಹೇಳಿದಳು.

ತಪ್ಪು ಮಾಡಿದವರು ನಾವು. ಆ ಭಾನುವಾರ ಸಭೆಯ ಪ್ರಾರ್ಥನೆಯಲ್ಲಿ, ಹೆಸರು ಹೇಳದೆ, “ರಕ್ತಪರೀಕ್ಷೆಯಿಂದ ದುಃಖಕ್ಕೊಳಗಾದ ನಮ್ಮ ಒಬ್ಬ ಗರ್ಭಿಣಿ ಸಹೋದರಿಗಾಗಿ” ಎಂದು ಬೇಡಿಕೊಂಡೆವು. ಒಳ್ಳೆಯ ಮನಸ್ಸಿನಿಂದಲೇ ಮಾಡಿದೆವು. ನಮ್ಮ ಸಭೆಯಲ್ಲಿ ಆಗ ಗರ್ಭಿಣಿಯರಿದ್ದದ್ದು ಇಬ್ಬರು. ಅವರಲ್ಲಿ ಒಬ್ಬಳು ತನ್ನ ತವರಿಗೆ ಹೋಗಿದ್ದಳು. ಆಮೆನ್ ಹೇಳಿ ಕಣ್ಣು ತೆರೆಯುವಷ್ಟರಲ್ಲಿ ಸ್ತ್ರೀಯರ ಬೆಂಚಿನಲ್ಲಿ ಆಕೆಯ ಎಡಕ್ಕೂ ಬಲಕ್ಕೂ ಜಾಗ ಖಾಲಿಯಾಗಿತ್ತು. ಎಂಟು ತಿಂಗಳು ಆಕೆ ಆಲಯಕ್ಕೆ ಬರಲಿಲ್ಲ. ಕ್ಷಮೆ ಕೇಳಲಿಕ್ಕೆ ಹೋದಾಗ ಬಾಗಿಲಲ್ಲಿಯೇ ನಿಂತು, “ಡಾಕ್ಟರಿಗೆ ಬಾಯಿ ಮುಚ್ಚಲು ಬಂತು, ನಿಮಗೆ ಬರಲಿಲ್ಲ” ಅಂದಳು. ಗುಟ್ಟಾಗಿ ತಿಳಿದದ್ದನ್ನು ಪ್ರಾರ್ಥನೆಯ ಬಟ್ಟೆ ಸುತ್ತಿ ಹೊರಗೆ ಹಾಕುವ ಈ ಚಾಳಿಯು ನಮ್ಮೊಬ್ಬರದಲ್ಲವೆಂದು ಬಲ್ಲೆವು. ಇತರ ಸಭೆಗಳ ಸೇವಕರೂ ಹಿರಿಯರೂ ತಮ್ಮನ್ನು ಶೋಧಿಸಿಕೊಳ್ಳಲೆಂದು ಇದನ್ನು ಬರೆದೆವು. ಈ ಸಂಗತಿಯನ್ನು ಇಲ್ಲಿ ಹಾಕುವದಕ್ಕೆ ಆ ಸಹೋದರಿಯೇ ಅಪ್ಪಣೆ ಕೊಟ್ಟಿದ್ದಾಳೆ. ಆಕೆಯ ಗುರುತು ಸಿಕ್ಕದ ಹಾಗೆ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇವೆ.

ಪರೀಕ್ಷೆಯನ್ನು ಮಾಡುವ ಬಗೆ ಹೇಗೆ? ಬೆರಳ ತುದಿಯಿಂದ ಒಂದು ಹನಿ ಅಥವಾ ತೋಳಿನಿಂದ ಸ್ವಲ್ಪ ರಕ್ತವನ್ನು ತೆಗೆಯುತ್ತಾರೆ. ವಿಷಾಣುವನ್ನು ಎದುರಿಸಲು ಶರೀರವು ಹುಟ್ಟಿಸಿದ ಪ್ರತಿಕಾಯಗಳು ಅದರಲ್ಲಿವೆಯೋ ಎಂದು ನೋಡುತ್ತಾರೆ. ಸಣ್ಣ ಆರೋಗ್ಯಕೇಂದ್ರಗಳಲ್ಲಿ ಒಂದೇ ಪರೀಕ್ಷೆ ಮಾಡಿ, ಅದರಲ್ಲಿ ಗೆರೆ ಕಂಡರೆ, ದೊಡ್ಡ ಪರೀಕ್ಷಾಕೇಂದ್ರಕ್ಕೆ ಕಳುಹಿಸುತ್ತಾರೆ. ಅಲ್ಲಿ ಬೇರೆ ಬೇರೆ ಜಾತಿಯ ಮೂರು ಪರೀಕ್ಷೆಗಳಲ್ಲಿಯೂ ಸೋಂಕು ಕಂಡರೆ ಮಾತ್ರ, ಇದೆ, ಎಂದು ಬರೆಯುವರು. ಮೂರು ಯಾಕೆ ಬೇಕು? ನಮ್ಮ ಶಾಲೆಯ ಮಕ್ಕಳು ಮಾಡುವಂಥ ಒಂದು ಲೆಕ್ಕವನ್ನು ಮಾಡಿ ನೋಡೋಣ. ಹತ್ತು ಸಾವಿರ ಜನರಲ್ಲಿ ಇಪ್ಪತ್ತು ಮಂದಿಗೆ ಸೋಂಕಿದೆ ಎಂದಿಟ್ಟುಕೊಳ್ಳಿರಿ. ನಮ್ಮ ದೇಶದ ಬೆಳೆದವರಲ್ಲಿ ಸುಮಾರು ಇಷ್ಟೇ. ಒಂದು ಒಳ್ಳೆಯ ಪರೀಕ್ಷೆಯೂ ಸೋಂಕಿಲ್ಲದ ಸಾವಿರ ಮಂದಿಯಲ್ಲಿ ಐವರನ್ನು ತಪ್ಪಾಗಿ ತೋರಿಸುವದಾದರೆ, ಉಳಿದ 9,980 ಮಂದಿಯಲ್ಲಿ ಸುಮಾರು 50 ಮಂದಿಯನ್ನು ಹಾಗೆ ತೋರಿಸೀತು. ಆಗ ಗೆರೆ ಕಂಡ 70 ಮಂದಿಯಲ್ಲಿ ನಿಜವಾಗಿ ಸೋಂಕಿದ್ದವರು 20 ಮಂದಿ ಮಾತ್ರ! ಆದಕಾರಣ ಒಂದೇ ಪರೀಕ್ಷೆಯ ಗೆರೆಯನ್ನು ನೋಡಿ ಹೆದರಿ ಬಾವಿಗೆ ಬೀಳುವದಾಗಲಿ, ಹೆಂಡತಿಯನ್ನು ತವರಿಗೆ ಅಟ್ಟುವದಾಗಲಿ ಮೂಢತನವೂ ಪಾಪವೂ ಆಗಿದೆ. ಎಲ್ಲರನ್ನೂ ಪರೀಕ್ಷಿಸುವ ಕ್ರಮವನ್ನಿಡುವವರು ಮುಂದಿನ ಎರಡು ಪರೀಕ್ಷೆಗಳ ದಾರಿಯನ್ನೂ ಮೊದಲೇ ಸಿದ್ಧಮಾಡಿಟ್ಟುಕೊಳ್ಳಬೇಕು.

ಇನ್ನೊಂದು ಮಾತುಂಟು. ಸೋಂಕು ತಗಲಿದ ಮೊದಲ ಕೆಲವು ವಾರಗಳಲ್ಲಿ ಪ್ರತಿಕಾಯಗಳು ಇನ್ನೂ ಹುಟ್ಟಿರುವದಿಲ್ಲ. ಆಗಿನ ಪರೀಕ್ಷೆಯು, ಇಲ್ಲ, ಎಂದೇ ಹೇಳುವದು. ಆದದ್ದರಿಂದ ಸಂಶಯದ ಕಾರಣವಿದ್ದವರು ಮೂರು ತಿಂಗಳ ಮೇಲೆ ಮತ್ತೊಮ್ಮೆ ಮಾಡಿಸಿಕೊಳ್ಳತಕ್ಕದ್ದು. ಶಸ್ತ್ರವೈದ್ಯರು ತಮ್ಮ ಕೈಯ ಜೋಪಾನಕ್ಕಾಗಿ ರೋಗಿಯನ್ನು ಪರೀಕ್ಷಿಸುತ್ತೇವೆ ಎಂದು ಹೇಳುವದುಂಟು. ಅದು ಬಲವಾದ ಕಾರಣವಲ್ಲವೆಂದು ಇದರಿಂದಲೇ ತಿಳಿಯುತ್ತದೆ. ಕೈಚೀಲ, ಕುದಿಸಿದ ಉಪಕರಣ, ಜಾಗ್ರತೆಯಿಂದ ಬಿಸಾಡಿದ ಸೂಜಿ, ಇವು ಪ್ರತಿಯೊಬ್ಬ ರೋಗಿಯ ಸಂಗತಿಯಲ್ಲಿಯೂ ಇರಲೇಬೇಕು. ಸೂಜಿ ಅಕಸ್ಮಾತ್ತಾಗಿ ಚುಚ್ಚಿದರೆ, 72 ತಾಸುಗಳ ಒಳಗೆ, ಎಷ್ಟು ಬೇಗನೆ ಆದೀತೋ ಅಷ್ಟು ಬೇಗನೆ, ಔಷಧವನ್ನು ಆರಂಭಿಸಿ 28 ದಿವಸ ತೆಗೆದುಕೊಳ್ಳುವ ಏರ್ಪಾಡುಂಟು. ಪರೀಕ್ಷೆಯ ಸರಿಯಾದ ಕಾರಣವು ವೈದ್ಯನ ಹಿತವಲ್ಲ, ರೋಗಿಯ ಹಿತವೇ.

ಎರಡನೆಯ ದೂರಿಗೆ, ಅಂದರೆ ಕೇಳದೆ ಮಾಡಿದ್ದಕ್ಕೆ, ನಾವು ಆಸ್ಪತ್ರೆಯ ಪಕ್ಷವನ್ನು ಹಿಡಿಯಲಾರೆವು. ಕಾನೂನೂ ಹಿಡಿಯುವದಿಲ್ಲ. ಭಾರತದ ಪಾರ್ಲಿಮೆಂಟು 2017ರಲ್ಲಿ ಎಚ್.ಐ.ವಿ. ಮತ್ತು ಏಡ್ಸ್ ವಿಷಯವಾದ ಒಂದು ಕಾಯಿದೆಯನ್ನು ಮಾಡಿತು. ಅದು 2018ನೆಯ ಸೆಪ್ಟೆಂಬರ್ 10ರಿಂದ ನಡೆವಳಿಕೆಯಲ್ಲಿದೆ. ಸಂಗತಿಯನ್ನು ತಿಳಿಯಹೇಳಿ ಒಪ್ಪಿಗೆಯನ್ನು ಪಡೆಯದೆ ಯಾರಿಗೂ ಈ ಪರೀಕ್ಷೆಯನ್ನು ಮಾಡಕೂಡದೆಂದು ಅದರಲ್ಲಿದೆ. ಪರೀಕ್ಷೆಯ ಮುಂಚೆಯೂ ತರುವಾಯವೂ ಸಲಹೆ ಹೇಳಬೇಕು. ಕೋರ್ಟಿನ ಅಪ್ಪಣೆ, ದಾನದ ರಕ್ತ ಮುಂತಾದ ಕೆಲವೇ ಸಂಗತಿಗಳಿಗೆ ವಿನಾಯತಿ ಉಂಟು. ಪರೀಕ್ಷೆ ಮಾಡಿಸಿಕೊಂಡರೆ ಮಾತ್ರ ಚಿಕಿತ್ಸೆ, ಕೆಲಸ, ಶಾಲೆ ಎಂದು ಹೇಳುವದನ್ನೂ ಅದು ನಿಷೇಧಿಸಿದೆ. ಒಬ್ಬನ ಸ್ಥಿತಿಯನ್ನು ಅವನ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ತಿಳಿಸಕೂಡದು. ಗಂಡ ಹೆಂಡಿರ ವಿಷಯದಲ್ಲಿ ಮಾತ್ರ ವೈದ್ಯನಿಗೂ ಸಲಹೆಗಾರನಿಗೂ, ಮೊದಲು ಆ ವ್ಯಕ್ತಿಗೆ ಬುದ್ಧಿಹೇಳಿ ನೋಡಿದ ಮೇಲೆ, ಗೊತ್ತಾದ ಕ್ರಮಪ್ರಕಾರ ಜೊತೆಯವರಿಗೆ ತಿಳಿಸುವ ಅವಕಾಶವಿದೆ. ಹೀಗಿರಲಾಗಿ, ಶಸ್ತ್ರಚಿಕಿತ್ಸೆಗೆ ಬಂದವನು ಹೇಗೂ ನೂರು ಕಾಗದಗಳಿಗೆ ರುಜು ಹಾಕುತ್ತಾನಲ್ಲಾ, ಅದರಲ್ಲಿ ಇದೂ ಸೇರಿತು ಅನ್ನುವದು ಒಪ್ಪಿಗೆಯಲ್ಲ. ಓದಲು ಬಾರದವನ ಹೆಬ್ಬೆಟ್ಟು ಅದಕ್ಕಿಂತಲೂ ಅಲ್ಲ.

ಕೇಳುವದು ಕಷ್ಟವೇ? ಮಂಗಳೂರಿನಲ್ಲಿ ಒಂದು ಸಣ್ಣ ಶಾಪನ್ನು ನಡಿಸುವ ನಮ್ಮ ಪರಿಚಯದ ಒಬ್ಬ ವೈದ್ಯರನ್ನು ವಿಚಾರಿಸಿದೆವು. ಅವರು ಕೆಲವು ವರ್ಷಗಳ ಹಿಂದೆ ತಮ್ಮಲ್ಲಿಗೆ ಬರುವ ದೊಡ್ಡವರೆಲ್ಲರಿಗೂ ಈ ಪರೀಕ್ಷೆಯನ್ನು ಮುಂದಿಡುವದಾಗಿ ಗೊತ್ತುಮಾಡಿದರು. ಮೊದಲು ತಾವೂ ತಮ್ಮ ಕಂಪೌಂಡರನೂ ನರ್ಸಮ್ಮನೂ ಮಾಡಿಸಿಕೊಂಡರು. ಹೊರಗಿನ ಗೋಡೆಗೆ, ಇಲ್ಲಿ ಎಲ್ಲರನ್ನೂ ಕೇಳುತ್ತೇವೆ, ಬೇಡವೆಂದರೂ ಮದ್ದು ಕೊಡುತ್ತೇವೆ, ಎಂದು ದಪ್ಪಕ್ಷರದಲ್ಲಿ ಬರೆದು ಹಚ್ಚಿದರು. ಫಲವನ್ನು ತಾವೇ ಒಳಗಿನ ಕೋಣೆಯಲ್ಲಿ ಹೇಳುವರು, ಪುಸ್ತಕವು ಬೀಗದೊಳಗಿರುವದು. ಅಷ್ಟೆಲ್ಲಾ ಮಾಡಿಯೂ ಮೊದಲನೆಯ ತಿಂಗಳು ಕೆಲಸ ಕೆಟ್ಟಿತು. “ರಕ್ತ ತೆಗೆಯುವದರಲ್ಲಿ ತೊಂದರೆಯಿರಲಿಲ್ಲ, ನನ್ನ ನಾಲಗೆಯಲ್ಲೇ ತೊಂದರೆ,” ಎಂದು ಅವರು ನಗುತ್ತಾ ಹೇಳಿದರು. ಪ್ರಾಯದ ಗಂಡಸು ಬಂದರೆ ಕೇಳುತ್ತಿದ್ದರು. ತನ್ನ ತಾಯಿಯ ವಯಸ್ಸಿನ ಹೆಂಗಸು, ದೇವಸ್ಥಾನದ ಮೊಕ್ತೇಸರರು, ನಮ್ಮ ಸಭೆಯ ಪಾದ್ರಿಗಳು ಬಂದರೆ ಮಾತು ಹೊರಡದು. ತಿಂಗಳ ಕೊನೆಗೆ ಪುಸ್ತಕವನ್ನು ನೋಡಿದಾಗ ತಾವು ಮತ್ತೆ ಮುಖ ನೋಡಿಯೇ ಆರಿಸಿದ್ದು ಕಂಡಿತು. ಅಂದಿನಿಂದ ರಕ್ತದ ಒತ್ತಡವನ್ನು ನೋಡುವ ಪಟ್ಟಿಯನ್ನು ತೋಳಿಗೆ ಸುತ್ತುವಾಗಲೇ, ಯಾರೇ ಆಗಿರಲಿ, ಅದೇ ಮಾತನ್ನು ಅದೇ ಸ್ವರದಲ್ಲಿ ಹೇಳುವದನ್ನು ರೂಢಿಮಾಡಿಕೊಂಡರು: “ನಮ್ಮಲ್ಲಿ ಎಲ್ಲರಿಗೂ ಎಚ್.ಐ.ವಿ. ಪರೀಕ್ಷೆ ಮಾಡುತ್ತೇವೆ, ನಿಮಗೂ ಮಾಡಬಹುದೋ? ಬೇಡವಾದರೆ ಹೇಳಿ.” ಕೆಲವರು ಬೇಡವೆಂದರು. ಒಬ್ಬ ಮುದುಕಿ ಮಾತ್ರ, ಇಷ್ಟು ವರ್ಷ ಯಾರೂ ನನ್ನನ್ನು ಏನೂ ಕೇಳದೆ ಚುಚ್ಚಿದ್ದಾರೆ, ನೀನೊಬ್ಬ ಕೇಳಿದೆ ಮಗಾ, ಎಂದು ತೋಳನ್ನು ಚಾಚಿದಳಂತೆ.

ಮದುವೆಯ ಸಂಗತಿಯನ್ನು ಬಿಡುವಹಾಗಿಲ್ಲ. ವಧೂವರರು ಎಚ್.ಐ.ವಿ. ಪರೀಕ್ಷೆಯ ಕಾಗದವನ್ನು ತಂದು ಹಿರಿಯರ ಮುಂದಿಟ್ಟರೇ ಮದುವೆಯ ಪ್ರಕಟನೆ ಮಾಡಬೇಕೆಂದು ಕೆಲವು ಕಡೆ ಹೇಳುತ್ತಾರೆ. ಹೆಣ್ಣುಮಕ್ಕಳನ್ನು ಕಾಪಾಡುವ ಉದ್ದೇಶವೇ ಇದರ ಹಿಂದಿರುವದೆಂದು ಒಪ್ಪುತ್ತೇವೆ. ಆದರೂ ನಮಗೆ ಇದು ಸರಿಕಾಣುವದಿಲ್ಲ. ಮದುವೆಗೆ ಮುಂಚೆ ಇಬ್ಬರೂ ತಾವಾಗಿಯೇ ಒಟ್ಟಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು, ಒಬ್ಬರ ಕಾಗದವನ್ನು ಒಬ್ಬರು ಓದಲಿ. ಸಭಾಪಾಲಕರು ಹಾಗೆ ಮಾಡಿರೆಂದು ಪ್ರೋತ್ಸಾಹಿಸಲಿ. ಆ ಕಾಗದವು ಐದು ಮಂದಿ ಹಿರಿಯರ ಮೇಜಿನ ಮೇಲೆ ಬರುವದು ಯಾಕೆ? ನಿಂತುಹೋದ ಒಂದು ಮದುವೆಯ ಕಾರಣವು ಹಳ್ಳಿಯಲ್ಲಿ ಎಷ್ಟು ದಿನ ಗುಟ್ಟಾಗಿದ್ದೀತು? ಮೇಲಾಗಿ, ಇಲ್ಲವೆಂದು ಹೇಳುವ ಕಾಗದವು ಮೂರು ತಿಂಗಳ ಹಿಂದಿನ ಸಂಗತಿಗೆ ಸಾಕ್ಷಿಯೇ ಹೊರತು ಮದುವೆಯ ಆಚೆಗಿನ ನಡತೆಗೆ ಜಾಮೀನಲ್ಲ.

ಪರೀಕ್ಷೆಯ ಆಚೆಗೆ ಏನಿದೆ? ಹಿಂದೆ ಏನೂ ಇರಲಿಲ್ಲ. ಅದಕ್ಕಾಗಿಯೇ ಜನರು ತಿಳಿಯಲು ಹೆದರಿದರು. ಕುಷ್ಠದ ಸಂಗತಿಯಲ್ಲಿಯೂ ನಮ್ಮ ಹಿರಿಯರು ಇದನ್ನೇ ಕಂಡಿದ್ದರು. 1880ರಲ್ಲಿ ಕಂಕನಾಡಿಯಲ್ಲಿ ಮದ್ದು ಕೊಡಲಾರಂಭಿಸಿದ ಫಾದರ್ ಮುಲ್ಲರರು ಅನಂತರ ಕುಷ್ಠರೋಗಿಗಳಿಗಾಗಿ ಒಂದು ಆಶ್ರಯವನ್ನು ಕಟ್ಟಿಸಬೇಕಾಯಿತು, ಯಾಕಂದರೆ ಗುರುತು ಕಂಡವರಿಗೆ ಮನೆಯಲ್ಲಿ ಸ್ಥಳವಿರಲಿಲ್ಲ. ಇಂದು ಕುಷ್ಠವನ್ನು ಮಾತ್ರೆಗಳಿಂದ ಪೂರ್ಣವಾಗಿ ಗುಣಪಡಿಸುತ್ತಾರೆ. ಎಚ್.ಐ.ವಿ.ಯನ್ನು ಪೂರ್ಣವಾಗಿ ತೆಗೆಯುವ ಔಷಧವು ಇನ್ನೂ ಸಾಮಾನ್ಯ ಜನರ ಕೈಗೆ ಬಂದಿಲ್ಲ. ಆದರೆ ಅದನ್ನು ಅಡಗಿಸಿಡುವ ಔಷಧವನ್ನು 2004ನೆಯ ಏಪ್ರಿಲಿನಿಂದ ನಮ್ಮ ಸರಕಾರವು ಉಚಿತವಾಗಿ ಕೊಡುತ್ತಿದೆ. ಮೊದಲು, ರಕ್ತದ ಬಲ ಬಹಳ ಇಳಿದವರಿಗೆ ಮಾತ್ರ ಕೊಡುತ್ತಿದ್ದರು. 2017ರಿಂದ ಸೋಂಕು ತಿಳಿದವರೆಲ್ಲರಿಗೂ ಕೂಡಲೇ ಕೊಡುತ್ತಾರೆ. ಮಂಗಳೂರಿನಲ್ಲಿ ವೆನ್ಲಾಕ್ ಆಸ್ಪತ್ರೆಯಲ್ಲಿ ಇದರ ಕೇಂದ್ರವಿದೆ. ಈಗ ಬಹುಮಂದಿಗೆ ದಿನಕ್ಕೆ ಒಂದೇ ಮಾತ್ರೆ. ಅದನ್ನು ಒಂದು ದಿನವೂ ತಪ್ಪಿಸದೆ ತೆಗೆದುಕೊಂಡು ರಕ್ತದಲ್ಲಿ ವಿಷಾಣುವು ಅಳತೆಗೆ ಸಿಕ್ಕದಷ್ಟು ತಗ್ಗಿದವರು ತಮ್ಮ ಗಂಡನಿಗಾಗಲಿ ಹೆಂಡತಿಗಾಗಲಿ ದೇಹಸಂಪರ್ಕದಿಂದ ಅದನ್ನು ದಾಟಿಸುವದಿಲ್ಲವೆಂದು ದೊಡ್ಡ ಶೋಧನೆಗಳಿಂದ ಸ್ಥಿರಪಟ್ಟಿದೆ. ಬೇಗನೆ ತಿಳಿದು ಬೇಗನೆ ಆರಂಭಿಸಿದವರು ಬೇರೆಯವರಷ್ಟೇ ವರ್ಷ ಬಾಳುವ ನಿರೀಕ್ಷೆಯಿಂದಿರಬಹುದು. ಇನ್ನೂ ಕೇಳತಕ್ಕ ಸಂಗತಿಗಳಿದ್ದರೆ 1097 ಎಂಬ ಉಚಿತ ದೂರವಾಣಿಗೆ ಹೆಸರು ಹೇಳದೆಯೇ ಕೇಳಬಹುದು.

ಆ ಸಹೋದರಿಯ ಎರಡನೆಯ ಕೂಸು ಹೆಣ್ಣು. ಹುಟ್ಟಿದ ದಿನದಿಂದಲೇ ಮದ್ದು ಕೊಟ್ಟರು; ಆರು ವಾರಕ್ಕೆ ಒಮ್ಮೆ ನೋಡಿದರು, ಹದಿನೆಂಟು ತಿಂಗಳಿಗೆ ಕಡೆಯ ಪರೀಕ್ಷೆಯಾಯಿತು. ಫಲವನ್ನು ಆಕೆ ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ ಭಾನುವಾರ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಆಲಯಕ್ಕೆ ಬಂದು ಮೊದಲನೆಯ ಬೆಂಚಿನಲ್ಲಿ ಕೂತಳು.

ಹರ್ನಿಯದ ಸಹೋದರನಿಗೆ ಈ ಎಲ್ಲಾ ಮಾತುಗಳನ್ನು ಹೇಳಿ ಮುಗಿಸುವದಕ್ಕೆ ಮೂರು ಸಾಯಂಕಾಲಗಳು ಹಿಡಿದವು. ಮೊದಲನೆಯ ದೂರನ್ನು ಆತನು ಹಿಂದೆಗೆದುಕೊಂಡನು. ಎರಡನೆಯದನ್ನು ಹಿಂದೆಗೆಯಬಾರದೆಂದು ನಾವೇ ಹೇಳಿ, ಆಸ್ಪತ್ರೆಯ ಮೇಲಿನವರಿಗೆ ಒಂದು ಕಾಗದವನ್ನು ಬರೆಯಲು ಸಹಾಯಮಾಡಿದೆವು. ಇನ್ನು ಮುಂದೆ ಕೇಳಿ ಮಾಡುವೆವೆಂದು ಉತ್ತರ ಬಂದಿದೆ. ಆಮೇಲೆ ಆತನು ತನ್ನ ಚೀಲದಿಂದ ಆ ಪರೀಕ್ಷೆಯ ಹಾಳೆಯನ್ನು ತೆಗೆದು, “ಓದಿ ಹೇಳಿ, ಉಪದೇಶಿಯವರೇ, ಇಂಗ್ಲಿಷಿನಲ್ಲಿದೆ,” ಎಂದು ನಮ್ಮ ಕೈಗೆ ಕೊಟ್ಟನು. ಜಗಲಿಯಲ್ಲಿ ಬೇರೆ ಇಬ್ಬರು ಕೂತಿದ್ದರು. ನಾವು ಅದನ್ನು ಬಿಡಿಸದೆ ಆತನ ಅಂಗಿಯ ಜೇಬಿನಲ್ಲಿಯೇ ಇಟ್ಟು, “ಅಣ್ಣಾ, ನಾಳೆ ನೀವೊಬ್ಬರೇ ಬನ್ನಿ,” ಅಂದೆವು.